ಕಂಟ್ರೋಲರ್ ಮುಚ್ಚಿಡುವ ದೋಷ

ಹುಬ್ಬಳ್ಳಿಯ ಓದುಗರೊಬ್ಬರ ಪ್ರಶ್ನೆ: “ಪವರ್ ಸಪ್ಲೈಗೆ ಮೊದಲು ಒಳ್ಳೆಯ ಕಂಟ್ರೋಲರ್ ಕೂರಿಸಿ, ದೋಷ ಪತ್ತೆಯನ್ನು ಆಮೇಲೆ ಸೇರಿಸಿದರೆ ಸಾಲದೇ? ಎರಡನ್ನೂ ಒಟ್ಟಿಗೇ ವಿನ್ಯಾಸ ಮಾಡಿ ಎನ್ನುವುದು ಪಂಡಿತರ ಕಸರತ್ತಲ್ಲವೇ?”

ಕಾಗದದ ಮೇಲೆ ನಿಮ್ಮ ಮಾತು ಸರಿ. ರೇಖೀಯ ವ್ಯವಸ್ಥೆ, ಕರಾರುವಾಕ್ಕಾದ ಮಾಡೆಲ್ ಇದ್ದರೆ ಅಳತೆಗೂ ಮಾಡೆಲ್‌ನ ಅಂದಾಜಿಗೂ ಇರುವ ವ್ಯತ್ಯಾಸಕ್ಕೆ, ಅಂದರೆ ದೋಷ ಪತ್ತೆಯ ಸುಳಿವಿಗೆ, ಕಂಟ್ರೋಲರ್‌ನ ಸೋಂಕು ತಾಗದು. ಅಂಥ ಮಾಡೆಲ್ ಯಾರ ಬೆಂಚಿನ ಮೇಲಿದೆ, ಸ್ವಾಮಿ?

12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರನ್ನೇ ನೋಡಿ: 100 ಕಿಲೋಹರ್ಟ್ಸ್, 47 ಮೈಕ್ರೋಹೆನ್ರಿ ಇಂಡಕ್ಟರ್. ಔಟ್‌ಪುಟ್ಟನ್ನು ಅರ್ಧಕ್ಕಿಳಿಸಿ ಕಂಟ್ರೋಲರ್‌ನ ಫೀಡ್‌ಬ್ಯಾಕ್ ಪಿನ್ನಿಗೆ ಕೊಡಲು ಎರಡು 10 ಕಿಲೋಓಮ್ ರೆಸಿಸ್ಟರ್ (ಡಿವೈಡರ್), ಅದನ್ನು ಹೋಲಿಸಿ ನೋಡಲು ರೆಫರೆನ್ಸ್ 2.5 ವೋಲ್ಟ್. ಮೇಲಿನ ರೆಸಿಸ್ಟರ್ 10.5ಕ್ಕೆ ಜಾರಿದರೆ ಔಟ್‌ಪುಟ್ 5.125 ಆಗುತ್ತದೆ, ಫೀಡ್‌ಬ್ಯಾಕ್ ಪಿನ್ ಮಾತ್ರ 2.5 ಎಂದೇ ಸಾಧಿಸುತ್ತದೆ. ಅದೇ ಪಿನ್ನಿಗೆ ನೀವು ಆಮೇಲೆ ಜೋಡಿಸಿದ ಅಲಾರಂ ಬಾಯಿ ಬಿಡುವುದಿಲ್ಲ. ಕೆಪಾಸಿಟರ್ ಒಣಗಿ ಒಳರೋಧ 50ರಿಂದ 200 ಮಿಲಿಓಮಿಗೆ ಏರಿದಾಗಲೂ ಇದೇ ಕಥೆ. ಔಟ್‌ಪುಟ್ಟಿನ ಏರಿಳಿತ (ರಿಪಲ್) ಸುಮಾರು 30 ಮಿಲಿವೋಲ್ಟಿನಿಂದ 120ಕ್ಕೆ ಹೋಗಿರುತ್ತದೆ, ಸರಾಸರಿ ಅಲ್ಲಾಡಿರುವುದಿಲ್ಲ.

ಇನ್ನು ಸ್ವಿಚಿಂಗ್. ಇಲ್ಲಿ ಸ್ವಿಚ್ ಎಂದರೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್, ಆಜ್ಞೆ ಹೋಗುವುದು ಅದರ ಗೇಟ್ ಎಂಬ ಕಾಲಿಗೆ. ಸ್ವಿಚ್ ಆನ್ ಆದಾಗ ಇಂಡಕ್ಟರ್ ಕರೆಂಟ್ ಮೈಕ್ರೋಸೆಕೆಂಡಿಗೆ 0.149 ಆಂಪಿಯರ್ ಏರಬೇಕು, ಆಫ್‌ನಲ್ಲಿ 0.106 ಇಳಿಯಬೇಕು. ಮಾಸ್‌ಫೆಟ್ ಆಫ್ ಸ್ಥಿತಿಯಲ್ಲೇ ಉಳಿದು ಕೆಟ್ಟರೆ, ಗೇಟಿಗೆ ಆನ್ ಆಜ್ಞೆ ಹೋದರೂ ಕರೆಂಟ್ ಇಳಿಯುತ್ತಲೇ ಇರುತ್ತದೆ. ಒಂದೇ ಮೈಕ್ರೋಸೆಕೆಂಡಿನಲ್ಲಿ ಕಾಲು ಆಂಪಿಯರ್ ವ್ಯತ್ಯಾಸ, ಪತ್ತೆಗೆ ಧಾರಾಳವಾಯಿತು. ತೊಡಕೆಂದರೆ, ಆರೋಗ್ಯವಾಗಿರುವ ಮಾಸ್‌ಫೆಟ್ಟೂ ಆಜ್ಞೆ ಪಾಲಿಸಲು ಸ್ವಲ್ಪ ತಡಮಾಡುತ್ತದೆ. ಅಷ್ಟು ಹೊತ್ತು ಪತ್ತೆದಾರ, ಅಂದರೆ ದೋಷ ಹುಡುಕುವ ಸರ್ಕ್ಯೂಟ್, ತಪ್ಪು ಸ್ಥಿತಿಯ ಸಮೀಕರಣ ಹಿಡಿದು, ಪ್ರತಿ ಸುತ್ತಿನಲ್ಲೂ ಸುಳ್ಳು ದೋಷ ಕೂಗುತ್ತಾನೆ. ಹಾಗೆಂದು ಅಲಾರಮಿನ ಮಿತಿ ಏರಿಸಿದರೆ ನಿಜವಾದ ಸಣ್ಣ ದೋಷ ನುಸುಳುತ್ತದೆ. ಸ್ವಿಚ್ ಬದಲಾದ ಮೇಲೆ ಕೆಲ ಹೊತ್ತು ಅವನ ಕಣ್ಣು ಮುಚ್ಚಿಸಬೇಕು, ಮತ್ತೆ ನೋಡಲು ಸಮಯ ಉಳಿಸಬೇಕು. ಅಂದರೆ ಕಂಟ್ರೋಲರ್ ಕೊಡುವ ಕನಿಷ್ಠ ಆನ್ ಸಮಯ ಇವೆರಡನ್ನೂ ಸೇರಿಸಿದ್ದಕ್ಕಿಂತ ದೊಡ್ಡದಿರಬೇಕು. ಈ ಅಂಕಿಯನ್ನು ಆಮೇಲೆ ಹೇಗೆ ಸೇರಿಸುತ್ತೀರಿ?

ಪಂಡಿತರ ಕಸರತ್ತು ಎಂದಿರಿ. 1985ರ ಫೆಬ್ರವರಿಯಲ್ಲಿ ತೈಪೆಯಿಂದ ಲಾಸ್ ಏಂಜಲೀಸಿಗೆ ಹೊರಟ ಚೀನಾ ಏರ್‌ಲೈನ್ಸ್ 747ರ ಒಂದು ಎಂಜಿನ್ ಕೈಕೊಟ್ಟಿತು. ಅದು ಸಿಬ್ಬಂದಿಗೆ ಗೊತ್ತಿತ್ತು. ವಿಮಾನ ಹಿಡಿತ ತಪ್ಪುತ್ತಿರುವುದನ್ನು ಮಾತ್ರ ಅಲ್ಲಿನ ಕಂಟ್ರೋಲರ್ ಆದ ಆಟೋಪೈಲಟ್ ಮರೆಮಾಡಿತ್ತು. ಅದನ್ನು ಕಳಚಿದ ಕೂಡಲೇ ವಿಮಾನ ಮಗುಚಿ, 41,000 ಅಡಿಯಿಂದ ಸುಮಾರು 9,500 ಅಡಿಗೆ ಕುಸಿದ ಮೇಲೆ ಸಾವರಿಸಿತು. ನಿಯಂತ್ರಣ, ದೋಷಪತ್ತೆ ಎರಡನ್ನೂ ಒಂದೇ ಚೌಕಟ್ಟಿಗೆ ತಂದ ನೆಟ್, ಜೇಕಬ್ಸನ್, ಮಿಲ್ಲರ್ ಅವರ ಪ್ರಬಂಧ ಬಂದದ್ದು 1988ರಲ್ಲಿ. ಇಂದಿಗೂ ಟೆಂಡರಿನಲ್ಲಿ ಕಂಟ್ರೋಲರ್ ಒಬ್ಬರಿಗೆ, ಅಲಾರಂ ಪ್ಯಾನೆಲ್ ಇನ್ನೊಬ್ಬರಿಗೆ! ಸಂಶೋಧಕರೂ ಕಡಿಮೆಯಿಲ್ಲ: ಸ್ವಿಚ್ ಬದಲಾದ ಕ್ಷಣವೇ ಪತ್ತೆದಾರನಿಗೆ ತಿಳಿಯುತ್ತದೆಂದು ಮೊದಲ ಪುಟದಲ್ಲೇ ಊಹಿಸಿಕೊಂಡು, ಕಷ್ಟದ ಭಾಗವನ್ನೆಲ್ಲ ಅಲ್ಲೇ ದಾಟಿಬಿಡುವ ಪ್ರಬಂಧಗಳು ಬೇಕಾದಷ್ಟಿವೆ.

ನಿಮ್ಮ ಬೋರ್ಡ್ ಇನ್ನೂ ಲೇಔಟ್ ಹಂತದಲ್ಲಿದ್ದರೆ ಅಲಾರಮಿಗೆ ಪ್ರತ್ಯೇಕ ಡಿವೈಡರ್, ಪ್ರತ್ಯೇಕ ರೆಫರೆನ್ಸ್ ಕೊಡಿ. ಸ್ವಿಚ್ಚೂ ಇಂಡಕ್ಟರೂ ಸೇರುವ ಬಿಂದುವಿನಿಂದಲೂ (ಸ್ವಿಚ್ ನೋಡ್) ಒಂದು ಎಳೆ ಪತ್ತೆದಾರನಿಗೆ ಎಳೆಯಿರಿ. ಗೇಟಿನ ಆಜ್ಞೆಯನ್ನಷ್ಟೇ ನಂಬಿ ಕೂರಬೇಡಿ.