ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಡಿಯ ಹಳೆಯ ಸುರಂಗವನ್ನು ಮೇಲಿನಿಂದಲೇ ಪತ್ತೆಹಚ್ಚಬಹುದೇ?

ಮಣಿಪಾಲದ ಬಳಿ ಇಳಿಜಾರಿನ ನಿವೇಶನದಲ್ಲಿ ಮನೆ ಕಟ್ಟಲು ಹೊರಟಿರುವ ತಾವು, ಅಲ್ಲಿ ಹಿಂದೆ ನೀರಿಗಾಗಿ ತೋಡಿದ ಸುರಂಗವಿತ್ತೆಂದು ನೆರೆಯವರಿಂದ ತಿಳಿದು, ಅಗೆಯದೆಯೇ ವಿದ್ಯುತ್ಕಾಂತೀಯ ಸಮೀಕ್ಷೆಯಿಂದ ಅದನ್ನು ಕಂಡುಹಿಡಿಯಬಹುದೇ ಎಂದು ಕೇಳಿದ್ದೀರಿ. ಈ ಕೆಲಸವನ್ನು ಕರಾವಳಿಯ ನೆಲದಲ್ಲೇ ಮಾಡುತ್ತಿರುವವನಾಗಿ ಹೇಳುವುದಾದರೆ, ಅದು ಸಾಧ್ಯ. ಆದರೆ ಟೊಳ್ಳಿನೊಳಗೆ ಗಾಳಿಯಿದೆಯೋ ಕೆಸರು ತುಂಬಿದೆಯೋ ಎಂಬುದನ್ನು ನೋಡಿಕೊಂಡು ಉಪಕರಣವನ್ನು ಆರಿಸಬೇಕು.

ಎರಡು ತಂತಿಸುರುಳಿಗಳ ಉಪಕರಣದಲ್ಲಿ ಒಂದು ಸುರುಳಿಯ ಕಾಂತಕ್ಷೇತ್ರವು ನೆಲದಲ್ಲಿ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ, ಆ ಪ್ರವಾಹದಿಂದ ಬರುವ ಕ್ಷೀಣ ಕ್ಷೇತ್ರವನ್ನು ಇನ್ನೊಂದು ಸುರುಳಿ ಅಳೆಯುತ್ತದೆ. ಸುರುಳಿಗಳ ನಡುವೆ 3.66 ಮೀಟರ್ ಅಂತರವಿದ್ದರೆ ಸುಮಾರು 6 ಮೀಟರ್ ಆಳದವರೆಗೆ ತಿಳಿಯುತ್ತದೆ. ಗಾಳಿಯಲ್ಲಿ ಪ್ರವಾಹ ಹರಿಯುವುದಿಲ್ಲ. ಒಣ ಮುರಕಲ್ಲೂ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಆದ್ದರಿಂದ ಬರಿದಾದ ಸುರಂಗವು ಇದಕ್ಕೆ ಕಾಣುವುದೇ ಕಷ್ಟ. ಅದೇ ಸುರಂಗ ಕುಸಿದು ಒದ್ದೆ ಶೇಡಿಮಣ್ಣು (ಮುರಕಲ್ಲಿನ ಕೆಳಗಿನ ಮೆತ್ತನೆಯ ಜೇಡಿ) ತುಂಬಿಕೊಂಡಿದ್ದರೆ ಚೆನ್ನಾಗಿ ಕಾಣುತ್ತದೆ.

ಗಾಳಿಯ ಟೊಳ್ಳಿಗೆ ನಾನು ಜಿಪಿಆರ್ ರಾಡಾರನ್ನೇ, ಅಂದರೆ ನೆಲದೊಳಕ್ಕೆ ರೇಡಿಯೋ ಅಲೆ ಕಳಿಸಿ ಮರಳಿ ಬರುವುದನ್ನು ಗ್ರಹಿಸುವ ಯಂತ್ರವನ್ನೇ, ಆರಿಸುತ್ತೇನೆ. ಅದರ ಅಲೆಯು ಗಾಳಿಯಲ್ಲಿ ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಸಾಗಿದರೆ ಒದ್ದೆ ಮಣ್ಣಿನಲ್ಲಿ ಅದರ ಮೂರನೇ ಒಂದು ಭಾಗಕ್ಕಿಂತಲೂ ನಿಧಾನವಾಗುತ್ತದೆ. ಈ ವ್ಯತ್ಯಾಸದಿಂದಾಗಿ ಸುರಂಗದ ಮೇಲ್ಚಾವಣಿಯಲ್ಲಿ ಅಲೆ ಪ್ರತಿಫಲಿಸಿ ಪರದೆಯ ಮೇಲೆ ಕಮಾನಿನಂತೆ ಮೂಡುತ್ತದೆ. ಸುರಂಗವನ್ನು ಅಡ್ಡಲಾಗಿ ದಾಟಿದಾಗ ಮಾತ್ರ ಕಮಾನು ಕಾಣಿಸುವುದರಿಂದಲೂ, ನಮ್ಮ ಸುರಂಗಗಳು ಗುಡ್ಡದೊಳಕ್ಕೆ ಚಾಚುವುದರಿಂದಲೂ, ಯಂತ್ರವನ್ನು ಇಳಿಜಾರಿನ ಮೇಲಿನಿಂದ ಕೆಳಕ್ಕೆ ಎಳೆಯದೆ ಅಡ್ಡಡ್ಡ ಸಾಲುಗಳಲ್ಲಿ, ಅರ್ಧ ಮೀಟರಿಗೊಂದರಂತೆ, ಎಳೆಯಿರಿ. ಸುರಂಗದ ಬಾಯಿ ಎಲ್ಲಿತ್ತೆಂದು ಊರಿನ ಹಿರಿಯರನ್ನು ಕೇಳಿ ಅಲ್ಲಿಂದಲೇ ಆರಂಭಿಸುವುದು ಉತ್ತಮ.

ಇಲ್ಲಿ ಮುರಕಲ್ಲಿನ ಕೆಳಗಿರುವ ಶೇಡಿಮಣ್ಣೇ ದೊಡ್ಡ ಅಡ್ಡಿ. ಒದ್ದೆಯಾದ ಜೇಡಿ ಅಲೆಯನ್ನು ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ಒಂದೆರಡು ಮೀಟರಿನಾಚೆಗೆ ಏನೂ ಕಾಣದು. ಸಮೀಕ್ಷೆಯನ್ನು ಮಾರ್ಚ್ ಅಥವಾ ಏಪ್ರಿಲ್‌ನಲ್ಲೇ ಮಾಡಿಸಿ.

ಮಂಗಳೂರಿನ ಹಿತ್ತಲೊಂದರಲ್ಲಿ ನಾನು ಸುರಂಗವೆಂದು ಗುರುತಿಸಿದ್ದ ಕಮಾನು ಅಗೆದಾಗ ಹಳೆಯ ಕಬ್ಬಿಣದ ಪೈಪ್ ಆಗಿತ್ತು, ಮನೆಯವರಿಗೆ ವೃಥಾ ಖರ್ಚಾಯಿತು. ಲೋಹದ ಮತ್ತು ಗಾಳಿಯ ಪ್ರತಿಫಲನಗಳ ಧ್ರುವತೆ (ಅಲೆ ಮೊದಲು ಏರುತ್ತದೋ ಇಳಿಯುತ್ತದೋ ಎಂಬುದು) ಒಂದಕ್ಕೊಂದು ತಿರುಗುಮುರುಗಾಗಿರುತ್ತದೆ. ಆಗ ನಾನದನ್ನು ಸರಿಯಾಗಿ ಪರಿಶೀಲಿಸಿರಲಿಲ್ಲ. ತಮ್ಮ ಸಮೀಕ್ಷಕರನ್ನು ಈ ಬಗ್ಗೆ ತಪ್ಪದೆ ಕೇಳಿ.

ರಾಡಾರಿಗೆ ಏನೂ ಸಿಗದಿದ್ದರೆ ಸುರಂಗವಿಲ್ಲವೆಂದು ಭಾವಿಸಬೇಡಿ, ನೆಲವು ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂದು ಅಳೆಯುವ ವಿದ್ಯುತ್ ರೋಧಕತೆಯ ಸಮೀಕ್ಷೆಯನ್ನೂ ಮಾಡಿಸಿ. ಗುರುತು ಸಿಕ್ಕ ಕಡೆ ಸಣ್ಣ ವ್ಯಾಸದ ಬೋರ್ ಕೊರೆಸಿ ಕಣ್ಣಾರೆ ಖಚಿತಪಡಿಸಿಕೊಳ್ಳುವವರೆಗೆ ಅಡಿಪಾಯದ ನಕ್ಷೆಗೆ ಒಪ್ಪಿಗೆ ಕೊಡಬೇಡಿ.