ಹೊಸ ಸೂಪರ್‌ಮ್ಯಾನ್‌ನ ಜೊತೆಗಾರರು ಯಾರ‍್ಯಾರು?
ಮೈಸೂರಲ್ಲಿ 2025ರ ‘ಸೂಪರ್‌ಮ್ಯಾನ್’ ಸಿನಿಮಾ ನೋಡಿ ಬಂದು, ಅವನ ಜೊತೆ ಇರೋರೆಲ್ಲ ಯಾರು ಅಂತ ಕೇಳಿದ್ದೀರಿ. ನೀವು ಅದನ್ನು 2013ರ ಸೂಪರ್‌ಮ್ಯಾನ್ ಸಿನಿಮಾ ‘ಮ್ಯಾನ್ ಆಫ್ ಸ್ಟೀಲ್’ನ ಮುಂದಿನ ಭಾಗ ಅಂದ್ಕೊಂಡು ಹೋಗಿ ಕೂತಿರಬೇಕು, ಅದಕ್ಕೇ ‘ಇವರೆಲ್ಲ ಯಾರು, ಯಾವ ಸಿನಿಮಾ ಬಿಟ್ಟುಹೋಯ್ತು’ ಅಂತ ಅನ್ನಿಸಿರೋದು. ಯಾವುದೂ ಬಿಟ್ಟುಹೋಗಿಲ್ಲ. 2025ರದ್ದು ಹೊಸದಾಗಿ ಶುರುವಾದ ಕಥೆ. ಸೂಪರ್‌ಮ್ಯಾನ್ ಲೋಕಕ್ಕೆ ಕಾಣಿಸಿಕೊಂಡು ಆಗಲೇ ಮೂರು ವರ್ಷ ಆಗಿರುತ್ತೆ, ಹಾಗಾಗಿ ಯಾರನ್ನೂ ನಿಧಾನವಾಗಿ ಪರಿಚಯಿಸಲ್ಲ.

ಇನ್ನೊಂದ್ಸಲ ನೋಡೋಕೆ ಮೊದಲು ಹಸಿರು ಉಂಗುರದವನ ಗೊಂದಲ ಬಿಡಿಸಿಕೊಳ್ಳಿ. ಇವನು 2011ರ ‘ಗ್ರೀನ್ ಲ್ಯಾಂಟರ್ನ್’ ಸಿನಿಮಾದ ಹ್ಯಾಲ್ ಜೋರ್ಡನ್ ಅಲ್ಲ, ಗೈ ಗಾರ್ಡ್ನರ್. ಆ ಉಂಗುರ ತೊಡೋರು ಹಲವರಿದ್ದಾರೆ.

ಆಮೇಲೆ ಮಿಸ್ಟರ್ ಟೆರಿಫಿಕ್. ಅತಿಮಾನುಷ ಶಕ್ತಿ ಏನೂ ಇಲ್ಲ, ಬರೀ ಬುದ್ಧಿ, ಜೊತೆಗೆ ತಾನೇ ಮಾಡಿಕೊಂಡ ಹಾರುವ ಗೋಳಗಳು. ಸೂಪರ್‌ಮ್ಯಾನ್‌ನ ಗೆಳತಿ ಲೋಯಿಸ್‌ಳನ್ನು ಗುಳ್ಳೆಯಂಥ ಕವಚದೊಳಗೆ ನಿಲ್ಲಿಸಿ, ಸುತ್ತ ಮುಗಿಬಿದ್ದವರನ್ನೆಲ್ಲ ಒಬ್ಬನೇ ಉರುಳಿಸ್ತಾನಲ್ಲ, ಆ ದೃಶ್ಯ ಗಮನವಿಟ್ಟು ನೋಡಿ. ಎಷ್ಟೋ ಅಭಿಮಾನಿಗಳು ಇವನನ್ನೇ ಹಚ್ಚಿಕೊಂಡಿದ್ದು ಯಾಕೆ ಅಂತ ಗೊತ್ತಾಗುತ್ತೆ.

ಮೈಯನ್ನು ಬೇಕಾದ ವಸ್ತುವಾಗಿ ಬದಲಿಸಿಕೊಳ್ಳೋ ಮೆಟಮಾರ್ಫೋನನ್ನು ಖಳ ಅಂದ್ಕೋಬೇಡಿ. ಅವನ ಮಗು ನಿಜವಾದ ಖಳ ಲೂಥರ್ ಕೈಲಿದೆ. ಅದಕ್ಕೇ ಅಂಗೈಯನ್ನು ಸೂಪರ್‌ಮ್ಯಾನ್‌ನ ಶಕ್ತಿ ಕುಂದಿಸೋ ಕ್ರಿಪ್ಟೊನೈಟ್ ಮಾಡ್ಕೊಂಡು ಕೂತಿರ್ತಾನೆ. ನನ್ನ ಕಣ್ಣು ತುಂಬಿದ್ದು ಅಲ್ಲೇ.

ನಿಮ್ಮ ತಂಗಿ ಕೇಳಿದ ನಾಯಿ ಸೂಪರ್‌ಮ್ಯಾನ್‌ನ ಸೋದರಸಂಬಂಧಿ ಸೂಪರ್‌ಗರ್ಲ್‌ದು. ಕೊನೆಯಲ್ಲಿ ಅವಳೇ ಬಂದು ಕರ್ಕೊಂಡು ಹೋಗ್ತಾಳೆ. ಮಂಡ್ಯದ ಬಸ್ಸು ತಪ್ಪುತ್ತೆ ಅಂತ ಬೇಗ ಎದ್ದು ಬಂದ್ವಿ ಅಂದ್ರಲ್ಲ, ಬಹುಶಃ ನಿಮಗೆ ತಪ್ಪಿದ್ದು ಅದೇ. ಈ ಸಲ ಕೊನೇವರೆಗೂ ಕೂತಿರಿ.