ಮರದ ರಾಳ, ಕಾರ್ಖಾನೆಯ ರಾಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರಿನ ರಸ್ತೆ ಬದಿಯ ಧೂಪದ ಮರದಿಂದ ಒಸರುವುದನ್ನು ಹಿರಿಯರು ರಾಳ ಎನ್ನುತ್ತಾರೆ. ನಮ್ಮ ರಸಾಯನಶಾಸ್ತ್ರದ ಪಠ್ಯದಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಕೂಡ ರಾಳವೇ. ಒಂದು ಕಾಡಿನದು, ಇನ್ನೊಂದು ಕಾರ್ಖಾನೆಯದು. ಎರಡಕ್ಕೂ ಒಂದೇ ಹೆಸರು ಹೇಗೆ ಬಂತು?
(ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ಮರದ ಪಾಲಿಗೆ ರಾಳವೆಂದರೆ ಗಾಯಕ್ಕೆ ಹಚ್ಚುವ ಮದ್ದು. ತೊಗಟೆಗೆ ಕಚ್ಚು ಬಿದ್ದಾಗ ಅಥವಾ ಹುಳು ಕೊರೆದಾಗ ಒಸರುವ ಆ ದ್ರವದಲ್ಲಿ ಹಗುರವಾದ ತೈಲಾಂಶ ಗಾಳಿಗೆ ಆರಿಹೋಗುತ್ತದೆ, ಭಾರವಾದ ಅಣುಗಳು ಉಳಿದು ಗಾಜಿನಂತೆ ಗಟ್ಟಿಯಾಗಿ ಗಾಯದ ಬಾಯಿಯನ್ನು ಮುಚ್ಚುತ್ತವೆ. ನಿಮ್ಮೂರಿನದು ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಸಾಲುಧೂಪವಾಗಿರಬೇಕು. ಅದರ ನಸುಬಿಳಿ ರಾಳ ಕೆಂಡದ ಮೇಲೆ ಹಾಕಲು ಮಾತ್ರವಲ್ಲದೆ ವಾರ್ನಿಷ್ ಮಾಡಲೂ ಬಳಕೆಯಾಗಿದೆ. ಕಪ್ಪು ರಾಳ ಕೊಡುವ ರಾಳಧೂಪ ಮತ್ತು ಊದುಬತ್ತಿಯವರಿಗೆ ಬೇಕಾದ ಹಾಲುಮಡ್ಡಿ ನಮ್ಮ ಕಾಡಿನ ಬೇರೆ ಮರಗಳು.

ಅಂಟಿಗೂ ರಾಳಕ್ಕೂ ಇರುವ ವ್ಯತ್ಯಾಸವನ್ನು ನೀವು ಮನೆಯಲ್ಲೇ ನೋಡಬಹುದು. ಜಾಲಿ ಮರದ ಅಂಟನ್ನು ನೀರಿಗೆ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಕರಗುತ್ತದೆ. ಧೂಪದ ಚೂರನ್ನು ಎಷ್ಟು ದಿನ ನೆನೆಸಿಟ್ಟರೂ ಅದು ಚೂರಾಗಿಯೇ ಉಳಿಯುತ್ತದೆ, ಟರ್ಪೆಂಟೈನ್‌ಗೆ ಹಾಕಿದರೆ ಮಾತ್ರ ಕರಗುತ್ತದೆ. ರಾಳ ಯಾವುದರಲ್ಲಿ ಕರಗುತ್ತದೆ, ಯಾವುದರಲ್ಲಿ ಕರಗುವುದಿಲ್ಲ ಎಂಬುದು ತಿಳಿದರೆ ಅದರ ಉಪಯೋಗದ ಅರ್ಧ ಕಥೆ ತಿಳಿದಂತೆ. ಅರಗನ್ನೇ ನೋಡಿ. ಮುತ್ತುಗದಂಥ ಮರಗಳ ಎಳೆ ಕೊಂಬೆಗಳ ಮೇಲೆ ಪುಟ್ಟ ಕೀಟವೊಂದು ಸ್ರವಿಸುವ ಈ ರಾಳ ಮದ್ಯಸಾರದಲ್ಲಿ ಕರಗುವುದರಿಂದ ಪೀಠೋಪಕರಣಗಳಿಗೆ ಹೊಳಪು ಕೊಡುವ ಪಾಲಿಶ್ ಆಗುತ್ತದೆ. ಹೊಟ್ಟೆಯ ಆಮ್ಲದಲ್ಲಿ ಕರಗದೆ ಕರುಳಿನ ಕ್ಷಾರೀಯ ದ್ರವದಲ್ಲಿ ಕರಗುವುದರಿಂದ, ಜಠರವನ್ನು ದಾಟಿ ಕರುಳಿನಲ್ಲಿ ಬಿಚ್ಚಿಕೊಳ್ಳಬೇಕಾದ ಮಾತ್ರೆಗಳಿಗೆ ಲೇಪನವೂ ಆಗುತ್ತದೆ. ಪಾಂಡವರ ಅರಗಿನ ಮನೆಯಿಂದ ಅಂಚೆಯ ಅರಗಿನ ಮುದ್ರೆಯವರೆಗೆ ನಮಗೆ ಪರಿಚಿತವಾದ ಈ ವಸ್ತುವಿನಿಂದಲೇ 1950ರ ದಶಕದವರೆಗೆ ಗ್ರಾಮಫೋನ್ ತಟ್ಟೆಗಳನ್ನು ಒತ್ತುತ್ತಿದ್ದರು.

ಕಾಡಿನ ರಾಳ ಮತ್ತು ಕಾರ್ಖಾನೆಯ ರಾಳ ಸಂಧಿಸುವುದೂ ಈ ಅರಗಿನಲ್ಲಿಯೇ. ವಿದ್ಯುತ್ತಿನ ಬಳಕೆ ಹರಡಿದಂತೆ ತಂತಿ, ಸುರುಳಿಗಳ ನಿರೋಧಕ ಲೇಪನಕ್ಕಾಗಿ ಅರಗಿನ ಬೇಡಿಕೆ ಏರಿತು. ಕೀಟವನ್ನು ನಂಬಿಕೊಂಡ ಪೂರೈಕೆ ಆ ವೇಗಕ್ಕೆ ಸಾಲುತ್ತಿರಲಿಲ್ಲ. ಅದಕ್ಕೆ ಬದಲಿಯನ್ನು ಹುಡುಕುತ್ತಿದ್ದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಅಮೆರಿಕದಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡನ್ನು ಶಾಖ ಹಾಗೂ ಒತ್ತಡದಲ್ಲಿ ಕೂಡಿಸಿ ಬೇಕಲೈಟ್ ತಯಾರಿಸಿದರು. ಮೊದಲ ಹಂತದಲ್ಲಿ ಅದು ನೋಡಲು, ಮುಟ್ಟಲು, ಮದ್ಯಸಾರದಲ್ಲಿ ಕರಗಲು ಮರದ ರಾಳದಂತೆಯೇ ಇದ್ದುದರಿಂದ ಅದೇ ಹೆಸರು ಅಂಟಿಕೊಂಡಿತು. ಹಳೆಯ ಮನೆಗಳಲ್ಲಿ ಇಂದಿಗೂ ಉಳಿದಿರುವ ಕಪ್ಪು, ಕಂದು ಬಣ್ಣದ ಗಟ್ಟಿ ಸ್ವಿಚ್ಚುಗಳು ಈ ವಸ್ತುವಿನವೇ.

ಆದರೆ ಹೆಸರು ಒಂದಾದರೂ ಗುಣ ಒಂದಲ್ಲ, ಇದನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಧೂಪ, ಅರಗುಗಳು ಬೆಲ್ಲದ ಹಾಗೆ ಕಾಯಿಸಿದರೆ ಮೆತ್ತಗಾಗುತ್ತವೆ, ಆರಿದರೆ ಮತ್ತೆ ಗಟ್ಟಿಯಾಗುತ್ತವೆ. ಬೇಕಲೈಟ್ ಹಸಿ ಇಟ್ಟಿಗೆಯ ಹಾಗೆ. ಒಮ್ಮೆ ಬೆಂದಿತೆಂದರೆ ಅದರ ಅಣುಗಳು ಒಂದಕ್ಕೊಂದು ಎಲ್ಲ ದಿಕ್ಕಿನಲ್ಲೂ ಹೆಣೆದುಕೊಂಡು ಒಂದೇ ಬಲೆಯಾಗುತ್ತವೆ, ಮತ್ತೆ ಕಾಯಿಸಿದರೆ ಕರಗದೆ ಸೀದುಹೋಗುತ್ತದೆ.

ಪ್ರಶ್ನೆ: ಹೊಸ ಮನೆಗೆ ಪ್ಲೈವುಡ್ ಕಪಾಟು ಮಾಡಿಸಿದೆವು. ಎರಡೇ ಮಳೆಗಾಲದಲ್ಲಿ ಅಡುಗೆಮನೆಯ ಕಪಾಟು ಪದರ ಬಿಟ್ಟಿದೆ. ಮಲಗುವ ಕೋಣೆಯ ಬೀರು ತೆರೆದರೆ ಈಗಲೂ ಕಣ್ಣು ಉರಿಯುತ್ತದೆ. ಎರಡಕ್ಕೂ ಅಂಟೇ ಕಾರಣವೆಂದು ಬಡಗಿ ಹೇಳುತ್ತಾರೆ. ನಿಜವೇ?
(ಗೃಹಿಣಿ, ಸಾಗರ)

ಉತ್ತರ: ಬಡಗಿಯವರು ಹೇಳಿದ್ದು ನಿಜವಿರಬಹುದು. ನೀವು ಹೇಳುವ ಎರಡೂ ತೊಂದರೆಗಳು ಒಂದೇ ಅಂಟಿನ ಲಕ್ಷಣಗಳು. ಪ್ಲೈವುಡ್ಡಿಗೆ ಮುಖ್ಯವಾಗಿ ಎರಡು ಬಗೆಯ ರಾಳ ಬಳಸುತ್ತಾರೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲ. ಆದರೆ ಅದರ ರಾಸಾಯನಿಕ ಬಂಧಗಳನ್ನು ತೇವ ಮತ್ತು ಸೆಕೆ ಕೂಡಿ ನಿಧಾನವಾಗಿ ಬಿಡಿಸುತ್ತವೆ. ಬಂಧ ಬಿಚ್ಚಿದಂತೆ ಪದರ ಸಡಿಲವಾಗುತ್ತದೆ, ಅದರ ಜೊತೆಗೇ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಕಣ್ಣುರಿಗೆ ಕಾರಣ ಈ ಅನಿಲ. ಫೀನಾಲ್ ಫಾರ್ಮಾಲ್ಡಿಹೈಡ್ ಬಳಸಿದ ಹಲಗೆಯಲ್ಲಿ ಬಂಧಗಳು ನೀರಿಗೆ ಬಗ್ಗುವುದಿಲ್ಲ. ಹಲಗೆಯ ಅಂಚನ್ನು ನೋಡಿದರೆ ಪದರಗಳ ನಡುವೆ ಕಡುಕಂದು ಗೆರೆ ಕಾಣುವುದು ಸಾಮಾನ್ಯವಾಗಿ ಅದರ ಗುರುತು. ಗೆರೆಯನ್ನಷ್ಟೇ ನಂಬಿ ಕೊಳ್ಳಬೇಡಿ, ಅಗ್ಗದ ಅಂಟಿಗೂ ಬಣ್ಣವನ್ನು ಬೆರೆಸುವುದು ಕಷ್ಟವೇನಲ್ಲ.

ಭಾರತೀಯ ಮಾನಕ 303ರಲ್ಲಿ ತೇವ ತಡೆಯುವ ದರ್ಜೆ ಮತ್ತು ಕುದಿಯುವ ನೀರನ್ನು ತಡೆಯುವ ದರ್ಜೆ ಎಂದು ಎರಡು ಇವೆ. ಅಂಗಡಿಯವರು ಅವನ್ನು ಎಂ.ಆರ್. ಮತ್ತು ಬಿ.ಡಬ್ಲ್ಯು.ಆರ್. ಎನ್ನುತ್ತಾರೆ. ಮಾನಕ 710ರ ಮೆರೈನ್ ಹಲಗೆಯ ಚೂರು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದೆಂಬುದು ನಿಯಮ. ‘ತೇವ ತಡೆಯುವ’ ಎಂಬ ಹೆಸರನ್ನು ನೋಡಿ ನಮ್ಮ ಭಾಗದ ಎಷ್ಟೋ ಜನ ಮೊದಲನೆಯದನ್ನು ಕೊಂಡು ಮೋಸಹೋಗುತ್ತಾರೆ. ಆ ದರ್ಜೆ ಒಣ ಊರಿನ ಒಳಕೋಣೆಗೆ ತಕ್ಕದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಸಾಗರದಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಲ್ಲಿ ಅಡುಗೆಮನೆಗೆ ಕುದಿನೀರಿನ ದರ್ಜೆಗಿಂತ ಕಡಿಮೆಯದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವಾಗ ಒಂದು ತುಂಡನ್ನು ಕೇಳಿ ತಂದು, ಹಳೆಯ ಪಾತ್ರೆಯಲ್ಲಿ, ಹೊರಗಿನ ಒಲೆಯ ಮೇಲೆ ಒಂದು ಹಗಲು ಕುದಿಸಿ ನೋಡಿ. ಕತ್ತರಿಸಿದ ಅಂಚುಗಳನ್ನು ಬಣ್ಣ ಅಥವಾ ಪಟ್ಟಿಯಿಂದ ಮುಚ್ಚಿಸುವುದನ್ನು ಮರೆಯಬೇಡಿ, ನೀರು ಒಳಹೋಗುವ ಮುಖ್ಯ ದಾರಿ ಅದು.

ಬೀರುವಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ. ಮಕ್ಕಳ ಬಟ್ಟೆಯನ್ನು ಸದ್ಯ ಅದರಿಂದ ಹೊರಗಿಡಿ, ಬಿಸಿಲಿನ ತಿಂಗಳುಗಳಲ್ಲಿ ಕಿಟಕಿಯೊಡನೆ ಬೀರುವನ್ನೂ ದಿನವಿಡೀ ತೆರೆದಿಡಿ, ಒಳಮೈಯ ಬರಿ ಹಲಗೆಗೆ ಪೂರ್ತಿ ಲೇಪನ ಮಾಡಿಸಿ. ಅನಿಲ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ, ಆದರೆ ಪ್ರತಿ ಮಳೆಗಾಲದ ತೇವಕ್ಕೆ ಸ್ವಲ್ಪ ಹೆಚ್ಚುತ್ತದೆ.

ಪ್ರಶ್ನೆ: ಕಾಗದದ ತಿರುಳಿಗೆ ರೋಸಿನ್ ಮತ್ತು ಆಲಂ (ಪಟಿಕದಂಥ ಅಲ್ಯೂಮಿನಿಯಮ್ ಲವಣ) ಹಾಕುತ್ತಿದ್ದ ಕಾಲದಲ್ಲಿ ನಾನು ಕೆಲಸ ಮಾಡಿದ್ದೇನೆ. ಆಗ ನಾವು ಮಾಡಿದ ಕಾಗದದ ಪುಸ್ತಕಗಳೇ ಈಗ ಮುಟ್ಟಿದರೆ ಪುಡಿಯಾಗುತ್ತವೆ. ತಪ್ಪಾದದ್ದೆಲ್ಲಿ?
(ಕಾಗದ ಕಾರ್ಖಾನೆಯ ನಿವೃತ್ತ ಕಾರ್ಮಿಕರು, ಭದ್ರಾವತಿ)

ಉತ್ತರ: ನಿಮ್ಮ ಕೈಯಿಂದ ತಪ್ಪೇನೂ ಆಗಲಿಲ್ಲ. ಆ ವಿಧಾನ ಜರ್ಮನಿಯ ಇಲ್ಲಿಗ್ ಎಂಬುವರು 1807ರಲ್ಲಿ ಪ್ರಕಟಿಸಿದ್ದು, ಸುಮಾರು ಒಂದೂವರೆ ಶತಮಾನ ಜಗತ್ತಿನ ಕಾಗದವೆಲ್ಲ ಬಹುಪಾಲು ಅದೇ ದಾರಿಯಲ್ಲಿ ತಯಾರಾಯಿತು. ಪೈನ್ ಮರದ ರಾಳದಿಂದ ಟರ್ಪೆಂಟೈನನ್ನು ಭಟ್ಟಿ ಇಳಿಸಿದ ಮೇಲೆ ಉಳಿಯುವ ಗಟ್ಟಿ ಭಾಗವೇ ರೋಸಿನ್. ರೇಡಿಯೊ ರಿಪೇರಿಯವರು ಬೆಸುಗೆಗೆ ಬಳಸುವುದೂ, ಪಿಟೀಲಿನ ಕಮಾನಿಗೆ ಉಜ್ಜುವುದೂ ಅದನ್ನೇ. ಸೋಡಾದೊಡನೆ ಅದು ಸಾಬೂನಿನಂತಾಗಿ ನೀರಿನಲ್ಲಿ ಬೆರೆಯುತ್ತದೆ, ಆಲಂ ಹಾಕಿದೊಡನೆ ಅಲ್ಯೂಮಿನಿಯಮ್ಮಿನ ಜೊತೆ ಸೇರಿ ನಾರಿನ ಮೇಲೆ ಕೂತುಕೊಂಡು ನೀರನ್ನು ಹತ್ತಿರ ಸೇರಿಸುವುದಿಲ್ಲ. ಶಾಯಿ ಹರಡದಿರಲು ಅದೇ ಕಾರಣ. ಆದರೆ ಆಲಂ ಕಾಗದದಲ್ಲಿ ಆಮ್ಲವನ್ನು ಉಳಿಸುತ್ತದೆ. ಆ ಆಮ್ಲ ದಶಕಗಳ ಕಾಲ ಸದ್ದಿಲ್ಲದೆ ಸೆಲ್ಯುಲೋಸಿನ ಉದ್ದನೆಯ ಎಳೆಗಳನ್ನು ತುಂಡರಿಸುತ್ತದೆ, ಮಲೆನಾಡಿನ ತೇವ ಅದಕ್ಕೆ ಒತ್ತಾಸೆಯಾಗುತ್ತದೆ. ಈಗಿನ ಗಿರಣಿಗಳಲ್ಲಿ ಬಹಳಷ್ಟು ಕ್ಷಾರೀಯ ವಿಧಾನಕ್ಕೆ ಹೊರಳಿ, ಸುಣ್ಣಕಲ್ಲಿನ ಪುಡಿಯನ್ನು ತುಂಬುವಸ್ತುವಾಗಿ ಹಾಕುತ್ತವೆ. ನಿಮ್ಮಲ್ಲಿರುವ ಹಳೆಯ ಪುಸ್ತಕಗಳನ್ನು ಒಣ ಜಾಗದಲ್ಲಿ, ಗೋಡೆಗೆ ತಾಗದಂತೆ ಇಡಿ.

ನಿಮ್ಮ ಊರಿನ ಬಗ್ಗೆ ಒಂದು ಮಾತನ್ನು ಸೇರಿಸಲು ಮನಸ್ಸಾಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲಿನ ಬಲದಿಂದ ಉತ್ಪಾದನೆ ಆರಂಭಿಸಿತು. ಕಾಡಿನ ಸೌದೆಯನ್ನು ಮುಚ್ಚಿದ ಕುಲುಮೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಟ ಆವಿಯಿಂದ ಅಲ್ಲಿ ಟಾರು, ಅಸಿಟೇಟು ಮತ್ತು ಮರದ ಮದ್ಯಸಾರವಾದ ಮೆಥನಾಲನ್ನು ತೆಗೆಯುತ್ತಿದ್ದರು. ಮೇಲಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬಂದ ಫಾರ್ಮಾಲ್ಡಿಹೈಡನ್ನು ತಯಾರಿಸುವುದು ಮೆಥನಾಲಿನಿಂದಲೇ.

ಪ್ರಶ್ನೆ: ಕೊಳವೆಬಾವಿಯ ಗಡಸು ನೀರಿಗಾಗಿ ಹಾಕಿಸಿದ ಯಂತ್ರದೊಳಗೆ ರಾಳ ಇದೆ ಎನ್ನುತ್ತಾರೆ. ಅದಕ್ಕೆ ಉಪ್ಪು ಏಕೆ?
(ಶಿಕ್ಷಕರು, ಶಿಕಾರಿಪುರ)

ಉತ್ತರ: ಅದರಲ್ಲಿರುವುದು ಸಾಸಿವೆ, ರಾಗಿಗಳಿಗಿಂತ ಸಣ್ಣ ಗುಂಡುಗಳು. ಸ್ಟೈರೀನಿನ ಸರಪಳಿಗಳನ್ನು ಅಡ್ಡಬಂಧಗಳಿಂದ ಬಿಗಿದು ಅವನ್ನು ಮಾಡುತ್ತಾರೆ. ಪ್ರತಿ ಗುಂಡಿನೊಳಗೂ ಋಣ ವಿದ್ಯುದಂಶದ ಗುಂಪುಗಳು ಸೋಡಿಯಮ್ಮನ್ನು ಹಿಡಿದುಕೊಂಡಿರುತ್ತವೆ. ಗಡಸು ನೀರು ಹಾದುಹೋಗುವಾಗ ಅವು ಕ್ಯಾಲ್ಸಿಯಮ್, ಮೆಗ್ನೀಸಿಯಮ್ಮನ್ನು ಹಿಡಿದು ಸೋಡಿಯಮ್ಮನ್ನು ಬಿಡುತ್ತವೆ. ಎಲ್ಲ ಜಾಗವೂ ತುಂಬಿದ ಮೇಲೆ ಗಾಢ ಉಪ್ಪುನೀರನ್ನು ಹಾಯಿಸಿದರೆ ಸೋಡಿಯಮ್ಮಿನ ಒತ್ತಡಕ್ಕೆ ಕ್ಯಾಲ್ಸಿಯಮ್ ಜಾಗ ಬಿಡುತ್ತದೆ. ಹೊರಬರುವ ಆ ನೀರನ್ನು ತೋಟಕ್ಕೆ ಬಿಡಬೇಡಿ. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಗುಂಡುಗಳಿಗೆ ತುಕ್ಕು ಮೆತ್ತಿಕೊಂಡು ಅವು ಬೇಗ ಕೆಡುತ್ತವೆ, ಹಾಗಾಗಿ ಮೊದಲು ಕಬ್ಬಿಣವನ್ನು ತೆಗೆಯುವ ವ್ಯವಸ್ಥೆ ಬೇಕು.

ಪ್ರಶ್ನೆ: ಅಡಿಕೆ ಬೇಯಿಸಿದ ಚೊಗರಿನಿಂದ ಪ್ಲೈವುಡ್ ಅಂಟು ಮಾಡಬಹುದೇ? ಕಾಲೇಜಿನ ಯೋಜನೆಗಾಗಿ ಕೇಳುತ್ತಿದ್ದೇನೆ.
(ವಿದ್ಯಾರ್ಥಿ, ಹೊಸನಗರ)

ಉತ್ತರ: ಬಹಳ ಒಳ್ಳೆಯ ಯೋಚನೆ. ಚೊಗರಿನಲ್ಲಿರುವ, ಒಗರು ರುಚಿ ಕೊಡುವ ಟ್ಯಾನಿನ್, ಕ್ಯಾಟೆಚಿನ್‌ಗಳು ಫೀನಾಲಿನ ಬಳಗದವೇ, ಆದ್ದರಿಂದ ಫಾರ್ಮಾಲ್ಡಿಹೈಡಿನೊಡನೆ ಅವೂ ಹೆಣೆದುಕೊಂಡು ರಾಳವಾಗುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ವ್ಯಾಟಲ್ ಅಕೇಶಿಯದ ತೊಗಟೆಯ ಟ್ಯಾನಿನ್ನಿನಿಂದ ಇಂಥ ಅಂಟನ್ನು 1970ರ ದಶಕದಿಂದ ಕಾರ್ಖಾನೆಯ ಮಟ್ಟದಲ್ಲಿ ಬಳಸುತ್ತಿದ್ದಾರೆ. ಆದರೆ ಎರಡು ಟ್ಯಾನಿನ್‌ಗಳ ರಚನೆ ಒಂದೇ ಅಲ್ಲ. ಕ್ಯಾಟೆಚಿನ್ ಬಗೆಯವು ಫಾರ್ಮಾಲ್ಡಿಹೈಡಿನೊಡನೆ ಎಷ್ಟು ಬೇಗ ವರ್ತಿಸುತ್ತವೆಂದರೆ, ಹಲಗೆಗೆ ಹಚ್ಚುವ ಮೊದಲೇ ಅಂಟು ಪಾತ್ರೆಯಲ್ಲಿ ಗಟ್ಟಿಯಾಗುವ ಸಂಭವವಿದೆ. ದ್ರಾವಣದ ಆಮ್ಲೀಯತೆಯನ್ನು ಹದಗೊಳಿಸಿ ಆ ವೇಗವನ್ನು ತಗ್ಗಿಸುವುದೇ ನಿಮ್ಮ ಯೋಜನೆಯ ತಿರುಳಾಗಬೇಕು. ಟ್ಯಾನಿನ್ ಸಾರದೊಡನೆ ಬರುವ ಸಕ್ಕರೆ, ಅಂಟುಗಳು ನೀರಿನ ಮುಂದೆ ಸೋಲುವುದರಿಂದ ಅವನ್ನು ಬೇರ್ಪಡಿಸುವ ಬಗೆಯನ್ನೂ ಯೋಚಿಸಿ.

ಮೊದಲ ಹೆಜ್ಜೆಯಾಗಿ, ಬೇರೆ ಬೇರೆ ಕುದಿಯ ಚೊಗರಿನ ಮಾದರಿಗಳನ್ನು ಸಂಗ್ರಹಿಸಿ, ಒಂದೇ ಪ್ರಮಾಣಕ್ಕೆ ತೆಳುಮಾಡಿ, ಪ್ರತಿಯೊಂದಕ್ಕೂ ಫೆರಿಕ್ ಕ್ಲೋರೈಡಿನ ಕೆಲವು ಹನಿ ಹಾಕಿ. ಯಾವುದು ಹೆಚ್ಚು ಕಡುವಾಗಿ ಕಪ್ಪಾಗುತ್ತದೋ ಅದರಲ್ಲಿ ಟ್ಯಾನಿನ್ ಹೆಚ್ಚೆಂದು ಅಂದಾಜಿಸಿ, ಅದರಿಂದ ಮುಂದುವರಿಯಿರಿ. ಫಾರ್ಮಾಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಸೇರಿಸುವ ಹಂತವನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಕಾಲೇಜಿನ ಪ್ರಯೋಗಾಲಯದಲ್ಲಿ, ಆವಿಯನ್ನು ಹೊರಗೆಳೆಯುವ ಗೂಡಿನೊಳಗೆ, ಅಧ್ಯಾಪಕರು ಪಕ್ಕದಲ್ಲಿರುವಾಗಲೇ ಮಾಡಿ.